ನಿಮ್ಮ ಬಾವಿಗೆ ನೀರು ಯಾವ ಕಡೆಯಿಂದ ಬರುತ್ತದೆ? ಮೂರು ಬಾವಿ, ಒಂದು ಟೇಪು, ಒಂದು ಕಿಲೋ ಉಪ್ಪು ಇದ್ದರೆ ಸಾಕು

ನಮ್ಮ ಮನೆ ತೀರ್ಥಹಳ್ಳಿ ಕಡೆ. ಹಿಂದೆ ಗುಡ್ಡ, ಮುಂದೆ ಅಡಿಕೆ ತೋಟ, ನಡುವೆ ಮನೆ, ಅಂಗಳದ ಮೂಲೆಯಲ್ಲಿ ಬಾವಿ. ಮಲೆನಾಡಿನ ಅರ್ಧದಷ್ಟು ಮನೆಗಳ ನಕ್ಷೆ ಇದೇ ಅಲ್ವಾ? ಕೆಲವು ವರ್ಷಗಳ ಹಿಂದೆ ಕೊಟ್ಟಿಗೆ ಪಕ್ಕ ಹೊಸ ಶೌಚಾಲಯ ಕಟ್ಟಿಸಿದೆವು. ಗುಂಡಿ ತೆಗೆಯುವ ದಿನ ಅಮ್ಮ ಕೇಳಿದ್ದು ಒಂದೇ ಮಾತು: "ಬಾವಿಗೆ ಏನೂ ಆಗಲ್ವಾ?"

ಮೇಸ್ತ್ರಿ ನಕ್ಕರು. "ಅಮ್ಮಾ, 60 ಅಡಿ ದೂರ ಇದೆ. ಅದೂ ಅಲ್ದೆ ಗುಂಡಿ ಇರೋ ಜಾಗ ಬಾವಿ ಕಟ್ಟೆಗಿಂತ ತಗ್ಗು. ನೀರು ಎಲ್ಲಾದ್ರೂ ಮೇಲಕ್ಕೆ ಹತ್ತುತ್ತಾ?"

ನಮಗೂ ಸರಿ ಅನ್ನಿಸಿತು. ಮೊದಲ ಮಳೆಗಾಲ ಹಾಗೇ ಕಳೆಯಿತು. ಎರಡನೇ ಮಳೆಗಾಲದಲ್ಲಿ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಹೊಟ್ಟೆ ಕೆಟ್ಟಿತು. ನೀರು ಪರೀಕ್ಷೆ ಮಾಡಿಸಿದಾಗ ಇ-ಕೋಲಿ, ಅಂದರೆ ಮಲದಿಂದ ಬರುವ ಕ್ರಿಮಿ, ಇದೆ ಅಂತ ಬಂತು. ನೀರು ನೋಡಲು ಕನ್ನಡಿಯಂತೆ ತಿಳಿಯಾಗಿತ್ತು, ರುಚಿಯಲ್ಲೂ ಏನೂ ವ್ಯತ್ಯಾಸ ಇರಲಿಲ್ಲ.

ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಗಿದ್ದು ಇಷ್ಟು. ಕೊಟ್ಟಿಗೆ ಕಟ್ಟಲು ಹಿಂದಿನವರು ಧರೆ ಕಡಿದು ನೆಲ ಸಮ ಮಾಡಿದ್ದರು. ಹಾಗಾಗಿ ನೆಲದ ಮೇಲ್ಮೈ ಮಾತ್ರ ಬಾವಿ ಕಟ್ಟೆಗಿಂತ ತಗ್ಗು. ಒಳಗಿನ ನೀರಿಗೆ ನಾವು ಧರೆ ಕಡಿದ ಸುದ್ದಿ ಗೊತ್ತಿಲ್ಲ. ಅದು ಹಳೆಯ ಗುಡ್ಡದ ಇಳಿಜಾರಿನಲ್ಲೇ, ಕೊಟ್ಟಿಗೆ ಕೆಳಗಿನಿಂದ ನೇರವಾಗಿ ಬಾವಿಗೆ ಬರುತ್ತಿತ್ತು. ಗುಂಡಿ ಬಾವಿಯಿಂದ ಎಷ್ಟು ಅಡಿ ದೂರ ಅಂತ ಎಲ್ಲರೂ ಕೇಳುತ್ತಾರೆ. ಯಾವ ಕಡೆ ಇದೆ, ಅಲ್ಲಿಂದ ನೀರು ಬರಲು ಎಷ್ಟು ದಿನ ಬೇಕು ಅಂತ ಯಾರೂ ಕೇಳುವುದಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಅಂತರ್ಜಲ ಓದುವವರು ಮೊದಲು ಕೇಳುವುದೇ ಈ ಎರಡು ಪ್ರಶ್ನೆ. ಇವೆರಡಕ್ಕೂ ಒಂದು ಮಟ್ಟಿನ ಉತ್ತರವನ್ನು ನಾವೇ ಮನೆಯಲ್ಲಿ ಕಂಡುಕೊಳ್ಳಬಹುದು. ಹೇಗೆ ಅಂತ ನೋಡೋಣ.

ಮೊದಲು ಕಾಲ ಕೆಳಗೆ ಏನಿದೆ ಅಂತ ತಿಳಿಯಿರಿ

ಊರಲ್ಲಿ ಬಾವಿ ತೋಡುವವರನ್ನು ಕೇಳಿದರೆ ಭೂವಿಜ್ಞಾನದ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ನಮ್ಮ ಕಡೆ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಜಂಬಿಟ್ಟಿಗೆ. ಜಂಬಿಟ್ಟಿಗೆ ತುಂಬಾ ತೂತು, ನೀರು ಸಲೀಸಾಗಿ ಇಳಿಯುತ್ತದೆ. ಅದರ ಕೆಳಗೆ ನುಣುಪಾದ ಶೇಡಿ ಮಣ್ಣು. ಅದು ನೀರು ಹೀರುತ್ತದೆ, ಆದರೆ ಬೇಗ ಬಿಟ್ಟುಕೊಡುವುದಿಲ್ಲ. ಅದಕ್ಕೂ ಕೆಳಗೆ ಕೊಳೆತ ಬಂಡೆ, ಕೊನೆಗೆ ಬಿರುಕು ಬಿಟ್ಟ ಗಟ್ಟಿ ಬಂಡೆ. ತೆರೆದ ಬಾವಿ ಸಾಮಾನ್ಯವಾಗಿ ಜಂಬಿಟ್ಟಿಗೆ, ಶೇಡಿ, ಕೊಳೆತ ಬಂಡೆಯ ನೀರಿನಿಂದ ತುಂಬುತ್ತದೆ. ಬೋರ್‌ವೆಲ್ ನೀರು ಕೆಳಗಿನ ಬಿರುಕುಗಳದ್ದು.

ಈ ಲೇಖನದ ವಿಧಾನ ತೆರೆದ ಬಾವಿಗೆ ಮಾತ್ರ. ಬಂಡೆಯ ಬಿರುಕಿನಲ್ಲಿ ನೀರು ಇಳಿಜಾರು ನೋಡಿ ಹರಿಯುವುದಿಲ್ಲ, ಬಿರುಕು ಹೋದ ಕಡೆ ಹೋಗುತ್ತದೆ. ಅಕ್ಕಪಕ್ಕದ ಎರಡು ಬೋರ್‌ಗಳಲ್ಲಿ ಒಂದು ತುಂಬಿ, ಒಂದು ಬರಿದಾಗುವುದು ಅದಕ್ಕೇ. ಬೋರ್‌ವೆಲ್ ಮಟ್ಟವನ್ನೂ ಬಾವಿಯ ಮಟ್ಟವನ್ನೂ ಒಂದೇ ಲೆಕ್ಕಕ್ಕೆ ಸೇರಿಸಬೇಡಿ.

ಮೂರು ಬಾವಿ ಹುಡುಕಿ

ನೀರಿನ ದಿಕ್ಕು ತಿಳಿಯಲು ಕಡಿಮೆ ಅಂದರೆ ಮೂರು ಬಾವಿ ಬೇಕು, ಅವು ಒಂದೇ ಸಾಲಿನಲ್ಲಿ ಇರಬಾರದು. ತ್ರಿಕೋನದ ಮೂರು ಮೂಲೆಯಂತೆ ಇದ್ದರೆ ಒಳ್ಳೆಯದು. ನಾನು ತೆಗೆದುಕೊಂಡಿದ್ದು ನಮ್ಮ ಬಾವಿ, ಗುಡ್ಡದ ಕಡೆಗಿರುವ ದೊಡ್ಡಪ್ಪನ ಮನೆಯ ಹಳೆ ಬಾವಿ, ಕೆಳಗಿನ ತೋಟದ ಬಾವಿ. ಬೋರ್ ತೆಗೆಸಿದ ಮೇಲೆ ದೊಡ್ಡಪ್ಪನ ಬಾವಿಯನ್ನು ಯಾರೂ ಸೇದುತ್ತಿರಲಿಲ್ಲ. ಅದೇ ನಮಗೆ ಅನುಕೂಲವಾಯಿತು.

ಅಳೆಯಲು ಬೇಕಾದ್ದು 30 ಮೀಟರ್ ಟೇಪು, ತುದಿಗೆ ಕಟ್ಟಲು ಒಂದು ತೂಕದ ಬೋಲ್ಟು, ಒಂದಿಷ್ಟು ಸೀಮೆಸುಣ್ಣ. ಟೇಪಿನ ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಉಜ್ಜಿ ಇಳಿಸಿ. ತುದಿ ನೀರಲ್ಲಿ ಮುಳುಗಿದ ಮೇಲೆ ಕಟ್ಟೆಯ ಅಂಚಿಗೆ ಟೇಪಿನ ಯಾವ ಅಂಕಿ ಬಂತು ಅಂತ ಬರೆದುಕೊಳ್ಳಿ. ಮೇಲೆ ಎಳೆದಾಗ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಿ. ಮೊದಲ ಅಂಕಿಯಲ್ಲಿ ಒದ್ದೆಯ ಉದ್ದ ಕಳೆದರೆ ಕಟ್ಟೆಯಿಂದ ನೀರಿಗೆ ಎಷ್ಟು ಆಳ ಅಂತ ಸಿಗುತ್ತದೆ. ಟೇಪಿನ ಸೊನ್ನೆ ಎಲ್ಲಿಂದ ಶುರು, ಬೋಲ್ಟಿನ ಉದ್ದ ಎಷ್ಟು ಅನ್ನೋದನ್ನ ಮರೆಯಬೇಡಿ. ನಾನು ಮೊದಲ ಸಲ ಮರೆತು ಎಲ್ಲವನ್ನೂ ಮತ್ತೆ ಅಳೆದಿದ್ದೇನೆ.

ಕಟ್ಟೆಯ ಮೇಲೆ ಒಂದೇ ಜಾಗದಿಂದ ಅಳೆಯಬೇಕು. ಆ ಜಾಗಕ್ಕೆ ಬಣ್ಣದ ಗುರುತು ಹಾಕಿ. ಹಿಂದಿನ ರಾತ್ರಿಯಿಂದ ಯಾರೂ ನೀರು ಸೇದಿರಬಾರದು, ಪಂಪ್ ಓಡಿರಬಾರದು. ಬೆಳಗ್ಗೆ ಬೇಗ ಎದ್ದು ಮೂರೂ ಬಾವಿಗಳನ್ನು ಒಂದು ಗಂಟೆಯೊಳಗೆ ಅಳೆದು ಮುಗಿಸಿ. ಪಕ್ಕದ ತೋಟದವರು ಮೋಟರು ಹಾಕಿದರೆ ಅವತ್ತಿನ ಲೆಕ್ಕ ಕೆಟ್ಟಿತು ಅಂತಲೇ ಅರ್ಥ. ಇನ್ನೊಂದು ಮಾತು: ಏನೇ ಆದರೂ ಬಾವಿಗೆ ಇಳಿಯಬೇಡಿ. ಈ ಕೆಲಸಕ್ಕೆ ಇಳಿಯುವ ಅಗತ್ಯವೇ ಇಲ್ಲ.

ಎತ್ತರಕ್ಕೆ ಮೊಬೈಲ್ ನಂಬಬೇಡಿ

ಆಳ ಒಂದೇ ಗೊತ್ತಾದರೆ ಸಾಲದು. ದೊಡ್ಡಪ್ಪನ ಬಾವಿಯಲ್ಲಿ ನೀರು ನಮ್ಮದಕ್ಕಿಂತ ಆಳದಲ್ಲಿದೆ, ಆದರೆ ಅವರ ಮನೆಯೇ ಎತ್ತರದಲ್ಲಿದೆ. ಮೂರು ಕಟ್ಟೆಗಳ ಎತ್ತರವನ್ನು ಒಂದೇ ಗುರುತಿನಿಂದ ಅಳೆಯಬೇಕು. ಇಲ್ಲಿ ಸುಮಾರು ಜನ ಮೊಬೈಲ್‌ನ ಜಿಪಿಎಸ್ ತೆಗೆಯುತ್ತಾರೆ. ಅದು ಎತ್ತರದಲ್ಲಿ ಹಲವು ಮೀಟರ್ ತಪ್ಪು ತೋರಿಸಬಹುದು. ನಮಗೆ ಬೇಕಾದ್ದು ಸೆಂಟಿಮೀಟರ್ ಲೆಕ್ಕ.

ಮೇಸ್ತ್ರಿಗಳು ಲೆವೆಲ್ ನೋಡುವ ಪಾರದರ್ಶಕ ನೀರಿನ ಪೈಪು ಇದೆಯಲ್ಲ, ಅದೇ ಸಾಕು. ಸುಮಾರು 20 ಮೀಟರ್ ಉದ್ದದ್ದು ಇರಲಿ. ಒಳಗೆ ಒಂದೂ ಗುಳ್ಳೆ ಇರಬಾರದು, ಗುಳ್ಳೆ ಇದ್ದರೆ ಲೆವೆಲ್ ಸುಳ್ಳು ಹೇಳುತ್ತದೆ. ಇಬ್ಬರು ಎರಡು ತುದಿ ಹಿಡಿದು, ಅಳತೆ ಬರೆದ ಕೋಲಿನ ಪಕ್ಕ ನೀರಿನ ಮಟ್ಟ ಓದಿ, ಹಂತ ಹಂತವಾಗಿ ಮುಂದೆ ಹೋಗಬೇಕು. ಅಂಗಳದಿಂದ ತೋಟದ ಬಾವಿಗೆ ಇಳಿಯಲು ನಮಗೆ ಐದಾರು ಹಂತ ಬೇಕಾಯಿತು. ಕೊನೆಗೆ ಶುರು ಮಾಡಿದ ಜಾಗಕ್ಕೇ ವಾಪಸ್ ಬಂದು ನೋಡಿ. ವ್ಯತ್ಯಾಸ ಎರಡು ಮೂರು ಸೆಂಟಿಮೀಟರ್ ಒಳಗಿದ್ದರೆ ಅಡ್ಡಿಯಿಲ್ಲ. ಜಾಸ್ತಿ ಇದ್ದರೆ ಕಾಫಿ ಕುಡಿದು ಮತ್ತೆ ಶುರು ಮಾಡಿ. ಕಟ್ಟೆಗಳ ಎತ್ತರ ಒಮ್ಮೆ ಸಿಕ್ಕಿದರೆ ಆಯಿತು, ಇನ್ನೊಮ್ಮೆ ಅಳೆಯಬೇಕಿಲ್ಲ.

ನಮ್ಮ ಅಂಗಳದ ಒಂದು ಹಾಸುಗಲ್ಲನ್ನು ಸುಮ್ನೆ 100 ಮೀಟರ್ ಅಂತ ಇಟ್ಟುಕೊಂಡೆವು. ಆಗ ನಮ್ಮ ಕಟ್ಟೆ 100.40, ನೀರಿಗೆ 7.54 ಆಳ, ಅಂದರೆ ನೀರಿನ ಮಟ್ಟ 92.86. ದೊಡ್ಡಪ್ಪನ ಕಟ್ಟೆ 103.10, ಆಳ 8.90, ನೀರಿನ ಮಟ್ಟ 94.20. ತೋಟದ ಕಟ್ಟೆ 94.00, ಆಳ 3.20, ನೀರಿನ ಮಟ್ಟ 90.80.

ಗ್ರಾಫ್ ಹಾಳೆಯಲ್ಲಿ ಗೆರೆ ಎಳೆಯಿರಿ

ಈಗ ಮೂರು ಬಾವಿಗಳನ್ನು ಅಳತೆಗೆ ಸರಿಯಾಗಿ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಅತಿ ಮೇಲಿನ ಮಟ್ಟದ ಬಾವಿಯಿಂದ ಅತಿ ಕೆಳಗಿನ ಮಟ್ಟದ ಬಾವಿಗೆ ಒಂದು ಗೆರೆ ಎಳೆಯಿರಿ. ನಮ್ಮಲ್ಲಿ ಅದು ದೊಡ್ಡಪ್ಪನ ಬಾವಿಯಿಂದ ತೋಟದ ಬಾವಿಗೆ, 85 ಮೀಟರ್. ಈ 85 ಮೀಟರಿನಲ್ಲಿ ನೀರು 3.40 ಮೀಟರ್ ಇಳಿದಿದೆ. ನಡುವಿನ ಬಾವಿಯ ಮಟ್ಟ 92.86. ಅಂದರೆ ದೊಡ್ಡಪ್ಪನ ಮಟ್ಟಕ್ಕಿಂತ 1.34 ಕಡಿಮೆ. 1.34ನ್ನು 3.40ರಿಂದ ಭಾಗಿಸಿ 85ರಿಂದ ಗುಣಿಸಿದರೆ 33.5 ಮೀಟರ್. ದೊಡ್ಡಪ್ಪನ ಬಾವಿಯಿಂದ ಆ ಗೆರೆ ಮೇಲೆ 33.5 ಮೀಟರ್ ದೂರದಲ್ಲಿ ಒಂದು ಚುಕ್ಕಿ ಇಟ್ಟು, ಅದನ್ನು ನಮ್ಮ ಬಾವಿಗೆ ಸೇರಿಸಿ. ಈ ಎರಡನೇ ಗೆರೆಯುದ್ದಕ್ಕೂ ನೆಲದೊಳಗಿನ ನೀರು ಒಂದೇ ಮಟ್ಟದಲ್ಲಿದೆ ಅಂತ ಲೆಕ್ಕ. ನೀರು ಹರಿಯುವುದು ಈ ಗೆರೆಗೆ ಲಂಬವಾಗಿ, ತಗ್ಗಿನ ಕಡೆಗೆ.

ಆ ಲಂಬದ ದಿಕ್ಕನ್ನು ನಮ್ಮ ಬಾವಿಯಿಂದ ಹಿಂದಕ್ಕೆ, ಅಂದರೆ ಗುಡ್ಡದ ಕಡೆಗೆ ಎಳೆದೆ. ಪೆನ್ಸಿಲ್ ಗೆರೆ ಕೊಟ್ಟಿಗೆ ದಾಟಿ ಶೌಚಾಲಯದ ಗುಂಡಿಯ ಅಂಚಿಗೆ ಹೋಗಿ ಮುಟ್ಟಿತು. ಅಮ್ಮ ಹಾಳೆ ನೋಡಿ ಏನೂ ಹೇಳಲಿಲ್ಲ, ಅದೇ ಕಷ್ಟವಾಯಿತು.

ಇಳಿಜಾರು ಎಷ್ಟು ಅನ್ನೋದೂ ಇದೇ ಹಾಳೆಯಲ್ಲಿ ಸಿಗುತ್ತದೆ. ತೋಟದ ಬಾವಿಯಿಂದ ಆ ಸಮಮಟ್ಟದ ಗೆರೆಗೆ ನೇರ ದೂರ 48 ಮೀಟರ್, ಮಟ್ಟದ ವ್ಯತ್ಯಾಸ 2.06. ಭಾಗಿಸಿದರೆ ಸುಮಾರು 0.043. ಅಂದರೆ 100 ಮೀಟರಿಗೆ 4 ಮೀಟರ್ ಚಿಲ್ಲರೆ ಇಳಿಯುತ್ತದೆ. ಮಲೆನಾಡಿನ ಇಳಿಜಾರಿಗೆ ಇದು ವಿಶೇಷವೇನಲ್ಲ.

ದಿಕ್ಕು ವರ್ಷವಿಡೀ ಒಂದೇ ಇರಬೇಕು ಅಂತಿಲ್ಲ. ಹಳ್ಳದ ಪಕ್ಕದಲ್ಲಿ ಬಾವಿ ಇರುವವರು ಇದನ್ನು ಗಮನಿಸಬೇಕು. ಬೇಸಿಗೆಯಲ್ಲಿ ನೆಲದ ನೀರು ಹಳ್ಳಕ್ಕೆ ಜಿನುಗುತ್ತದೆ. ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗ ಅದರ ನೀರೇ ದಂಡೆಯೊಳಗೆ ನುಗ್ಗಬಹುದು. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುವುದು ಸುಮ್ನೆ ಅಲ್ಲ. ನಮಗೆ ಮೂರು ಸಲವಾದರೂ ಸಾಕು: ಮೇ ಕೊನೆಗೆ ಮಳೆ ಹಿಡಿಯುವ ಮೊದಲು, ಪುಷ್ಯ ಮಳೆಯಲ್ಲಿ ಜಲ ಎದ್ದಾಗ, ಭೂಮಿ ಹುಣ್ಣಿಮೆ ಆದ ಮೇಲೆ. ಆಗುಂಬೆಯಂತೆ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಡೆ ಬಾವಿಯ ನೀರು ಕಟ್ಟೆಗೆ ಕೈಗೆಟುಕುವಷ್ಟು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಗುಂಡಿಯ ತಳಕ್ಕೂ ನೀರಿಗೂ ನಾಲ್ಕು ಮೀಟರ್ ಒಣ ಮಣ್ಣು ಇದ್ದರೂ, ಆಗಸ್ಟ್‌ನಲ್ಲಿ ಗುಂಡಿ ನೀರೊಳಗೇ ನಿಂತಿರಬಹುದು. ಮಣ್ಣು ಸೋಸುವುದು ಅದು ಒಣಗಿದ್ದಾಗ ಚೆನ್ನಾಗಿ. ಗುಂಡಿಯ ತಳಕ್ಕೂ ಮಳೆಗಾಲದ ಅತಿ ಮೇಲಿನ ನೀರಿಗೂ ಕಡಿಮೆ ಅಂದರೆ 2 ಮೀಟರ್ ಅಂತರ ಇರಲಿ.

ಒಂದು ಕಿಲೋ ಉಪ್ಪಿನ ಲೆಕ್ಕ

ದಿಕ್ಕು ಸಿಕ್ಕಿತು. ವೇಗ? ಇದು ನನಗೆ ತುಂಬಾ ಇಷ್ಟವಾದ ಭಾಗ.

ಬಾವಿಯ ನೀರಿಗೆ ಸ್ವಲ್ಪ ಉಪ್ಪು ಬೆರೆಸಿ ಬಿಟ್ಟರೆ, ಗುಡ್ಡದ ಕಡೆಯಿಂದ ಬರುವ ಹೊಸ ನೀರು ಅದನ್ನು ನಿಧಾನವಾಗಿ ತೊಳೆದುಕೊಂಡು ಹೋಗುತ್ತದೆ. ಉಪ್ಪು ಎಷ್ಟು ಬೇಗ ಕಡಿಮೆಯಾಗುತ್ತದೋ ನೀರು ಅಷ್ಟು ಜೋರಾಗಿ ಹರಿಯುತ್ತಿದೆ ಅಂತ ಅರ್ಥ. ಅಂತರ್ಜಲ ಸಂಶೋಧಕರು ಕೊಳವೆ ಬಾವಿಯಲ್ಲಿ ಮಾಡುವ ಪ್ರಯೋಗದ ಮನೆ ಆವೃತ್ತಿ ಇದು.

ಯಾರೂ ಕುಡಿಯದ, ಐದಾರು ದಿನ ಯಾರೂ ಸೇದದ ಬಾವಿ ಬೇಕು. ಕಾಲ ಬೇಸಿಗೆ. ಮಳೆ ಬಿದ್ದರೆ ಪ್ರಯೋಗ ಅಲ್ಲಿಗೆ ಮುಗಿಯಿತು. ಇದಕ್ಕೆ ಟಿಡಿಎಸ್ ಪೆನ್ ಅಂತ ಮಾರುತ್ತಾರಲ್ಲ, ನೀರಲ್ಲಿ ಅದ್ದಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಅಂತ ಅಂಕಿ ತೋರಿಸುವುದು, ಅದು ಸಾಕು. ಮಲೆನಾಡಿನ ಬಾವಿ ನೀರಿನಲ್ಲಿ ಲವಣ ತುಂಬಾ ಕಡಿಮೆ. ಹಾಗಾಗಿ ಬಯಲುಸೀಮೆಯಲ್ಲಿ ಕಾಣದ ಸಣ್ಣ ಬದಲಾವಣೆಯೂ ನಮ್ಮಲ್ಲಿ ಎದ್ದು ಕಾಣುತ್ತದೆ.

ದೊಡ್ಡಪ್ಪನ ಬಾವಿಯ ಅಗಲ 2 ಮೀಟರ್, ನೀರು 2 ಮೀಟರ್. ಲೆಕ್ಕ ಹಾಕಿದರೆ ಸುಮಾರು 6280 ಲೀಟರ್. ಇದಕ್ಕೆ 1 ಕಿಲೋ ಉಪ್ಪು ಹಾಕಿದರೆ ಲೀಟರಿಗೆ 160 ಮಿಲಿಗ್ರಾಂ ಆಗುತ್ತದೆ, ಬಾಯಿಗೆ ಗೊತ್ತೂ ಆಗುವುದಿಲ್ಲ. ಉಪ್ಪನ್ನು ನೇರವಾಗಿ ಸುರಿಯಬೇಡಿ, ತಳಕ್ಕೆ ಹೋಗಿ ಕೂರುತ್ತದೆ. ಅದೇ ಬಾವಿಯ ನೀರನ್ನು ನಾಲ್ಕು ಬಕೆಟ್ ತೆಗೆದು, ಅದರಲ್ಲಿ ಪೂರ್ತಿ ಕರಗಿಸಿ, ಬಾವಿಯ ಸುತ್ತ ಹರಡಿ ಸುರಿಯಿರಿ. ಆಮೇಲೆ ಕೊಡ ಇಳಿಸಿ ಎತ್ತಿ, ಇಳಿಸಿ ಎತ್ತಿ ಅರ್ಧ ಗಂಟೆ ಕಲಕಿ. ಮೇಲೆ, ನಡುವೆ, ತಳದಲ್ಲಿ ನೀರು ತೆಗೆದು ಪೆನ್ನಿನಲ್ಲಿ ನೋಡಿ. ಮೂರೂ ಕಡೆ ಒಂದೇ ಅಂಕಿ ಬರುವ ತನಕ ಕಲಕಬೇಕು. ದೊಡ್ಡಪ್ಪ ಜಗಲಿಯಲ್ಲಿ ಕೂತು, "ಸಾಂಬಾರ್ ಮಾಡ್ತಿದೀಯೇನೋ" ಅಂತ ಕೇಳಿದರು.

ಉಪ್ಪು ಹಾಕುವ ಮೊದಲು ಪೆನ್ 45 ತೋರಿಸುತ್ತಿತ್ತು, ಕಲಕಿದ ಮೇಲೆ 205. ಉಪ್ಪಿನದೇ ಪಾಲು 160. ಅದರ ಅರ್ಧ 80, ಅದಕ್ಕೆ ಮೊದಲಿನ 45 ಸೇರಿಸಿದರೆ 125. ಪೆನ್ 125ಕ್ಕೆ ಇಳಿಯಲು ಎಷ್ಟು ದಿನ ಬೇಕು ಅನ್ನೋದೇ ನಮಗೆ ಬೇಕಾದ ಅಂಕಿ. ದಿನಕ್ಕೆ ಎರಡು ಸಲ ನೋಡಿ ಬರೆದೆ. ಐದನೇ ದಿನಕ್ಕೆ 125 ಆಯಿತು.

ಲೆಕ್ಕ ಇಷ್ಟೇ: ಬಾವಿಯ ಅಗಲದ ಅರ್ಧವನ್ನು ಮೀಟರಿನಲ್ಲಿ ತೆಗೆದುಕೊಂಡು 0.54ರಿಂದ ಗುಣಿಸಿ, ಅರ್ಧವಾಗಲು ಹಿಡಿದ ದಿನಗಳಿಂದ ಭಾಗಿಸಿ. ನಮ್ಮಲ್ಲಿ 0.54 ಭಾಗ 5, ಅಂದರೆ ಸುಮಾರು 0.11. ಬಾವಿಯಂಥ ದೊಡ್ಡ ತೂತು ಸುತ್ತಲಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ತನ್ನ ಅಗಲದ ಎರಡರಷ್ಟು ಅಗಲದ ನೀರು ಒಳಗೆ ಹಾಯುತ್ತದೆ ಅನ್ನುವ ಅಂದಾಜು ಆ 0.54ರಲ್ಲೇ ಸೇರಿದೆ. ಬಾವಿಗೆ ಒತ್ತಾಗಿ ಕಲ್ಲು ಕಟ್ಟಿ ಸಂದಿಗೆ ಮಣ್ಣು ತುಂಬಿದ್ದರೆ ಇದು ತಪ್ಪುತ್ತದೆ, ನಿಜವಾದ ಹರಿವು ಎರಡು ಪಟ್ಟು ಇದ್ದರೂ ಇರಬಹುದು.

ದಿನಕ್ಕೆ 0.11 ಮೀಟರ್ ಅನ್ನೋದು ಹರಿವಿನ ಲೆಕ್ಕ, ಇನ್ನೂ ವೇಗ ಅಲ್ಲ. ನೀರು ಮಣ್ಣಿನ ತೂತುಗಳಲ್ಲಿ ಮಾತ್ರ ಹರಿಯುತ್ತದೆ. ನೂರರಲ್ಲಿ ಹತ್ತು ಭಾಗ ಮಾತ್ರ ಹರಿಯುವ ಜಾಗ ಅಂತ ಇಟ್ಟುಕೊಂಡರೆ 0.1ರಿಂದ ಭಾಗಿಸಬೇಕು. ದಿನಕ್ಕೆ ಸುಮಾರು 1.1 ಮೀಟರ್. ನಮ್ಮ ಗುಂಡಿಯಿಂದ ಬಾವಿಗೆ 60 ಅಡಿ, ಅಂದರೆ 18 ಮೀಟರ್. ಹದಿನಾರು ದಿನದ ದಾರಿ.

ಹದಿನಾರು ದಿನ ಜಾಸ್ತಿಯೋ ಕಡಿಮೆಯೋ? ಜರ್ಮನಿಯಲ್ಲಿ ಕುಡಿಯುವ ನೀರಿನ ಬಾವಿಯ ಸುತ್ತ ರಕ್ಷಣಾ ವಲಯ ಗುರುತಿಸುವಾಗ ನೀರು 50 ದಿನದಲ್ಲಿ ಎಷ್ಟು ದೂರದಿಂದ ಬರುತ್ತದೆ ಅನ್ನೋದನ್ನ ನೋಡುತ್ತಾರೆ. ಅಷ್ಟು ದಿನ ನೆಲದೊಳಗೆ ಇದ್ದರೆ ರೋಗ ತರುವ ಹೆಚ್ಚಿನ ಕ್ರಿಮಿಗಳು ಸಾಯುತ್ತವೆ ಅನ್ನುವ ಲೆಕ್ಕ. ನಮ್ಮ ವೇಗಕ್ಕೆ 50 ದಿನ ಅಂದರೆ 55 ಮೀಟರ್, 180 ಅಡಿ. ಮೇಸ್ತ್ರಿ ಹೇಳಿದ 60 ಅಡಿ ಅದರ ಮೂರನೇ ಒಂದು ಪಾಲು.

ಇದೆಲ್ಲದರ ಬುಡದಲ್ಲಿ ಇರುವುದು 1856ರ ಒಂದು ಲೆಕ್ಕ. ಫ್ರಾನ್ಸಿನ ಡಿಜೋನ್ ಊರಿಗೆ ನೀರು ಒದಗಿಸಿದ ಇಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ನೋಡಿದರು. ಇಳಿಜಾರು ಎರಡು ಪಟ್ಟಾದರೆ ಹರಿವೂ ಎರಡು ಪಟ್ಟು. ಉಳಿದದ್ದು ಆ ಮಣ್ಣು ಎಷ್ಟು ಸಲೀಸಾಗಿ ನೀರು ಬಿಡುತ್ತದೆ ಅನ್ನುವುದರ ಮೇಲೆ. ನಮ್ಮ 0.11ನ್ನು ಇಳಿಜಾರು 0.043ರಿಂದ ಭಾಗಿಸಿದರೆ ಸುಮಾರು 2.5 ಬರುತ್ತದೆ. ನಮ್ಮ ಅಂಗಳದ ಮಣ್ಣಿನ ಗುಣ ಅದು. ಮಳೆಗಾಲದಲ್ಲಿ ಮತ್ತೆ ಉಪ್ಪು ಹಾಕಬೇಕಿಲ್ಲ, ಆಗಿನ ಇಳಿಜಾರು ಅಳೆದು 2.5ರಿಂದ ಗುಣಿಸಿದರೆ ಹರಿವು ಸಿಗುತ್ತದೆ. ನೀರು ಮೇಲೆದ್ದು ತೂತು ಜಾಸ್ತಿ ಇರುವ ಜಂಬಿಟ್ಟಿಗೆ ಮುಟ್ಟಿದರೆ ಮಾತ್ರ ಅದು ಇನ್ನೂ ವೇಗವಾಗಿ ಓಡುತ್ತದೆ. ಹಾಗಾಗಿ ಬೇಸಿಗೆಯ ಅಂಕಿಯನ್ನು ಕಡಿಮೆ ಅಂದಾಜು ಅಂತಲೇ ತಿಳಿಯಿರಿ.

ಕೊಳೆ ನೀರಿನ ಜೊತೆಗೇ ಬರುತ್ತದಾ?

ಎಲ್ಲ ಕೊಳೆಯೂ ಒಂದೇ ವೇಗದಲ್ಲಿ ಬರುವುದಿಲ್ಲ. 1982ರಲ್ಲಿ ಕೆನಡಾದ ವಾಟರ್‌ಲೂ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೆನಡಾದ ಬೋರ್ಡನ್ ಅನ್ನುವಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದರು. ಕ್ಲೋರೈಡ್, ಬ್ರೋಮೈಡ್ ಮತ್ತು ಕೆಲವು ರಾಸಾಯನಿಕ ಬೆರೆಸಿದ ಸುಮಾರು 12 ಸಾವಿರ ಲೀಟರ್ ನೀರನ್ನು ಮರಳಿನ ಪದರಕ್ಕೆ ಬಿಟ್ಟು, ಅದು ಎಲ್ಲಿಗೆ ಹೋಗುತ್ತದೆ ಅಂತ ವರ್ಷಗಟ್ಟಲೆ ನೋಡಿದರು. ಕ್ಲೋರೈಡ್ ನೀರಿನ ಜೊತೆಗೇ ದಿನಕ್ಕೆ 9 ಸೆಂಟಿಮೀಟರಿನಂತೆ ಹೋಯಿತು. ರಾಸಾಯನಿಕಗಳು ಮರಳಿಗೆ ಅಂಟಿಕೊಂಡು ಹಿಂದೆ ಉಳಿದವು.

ನಮ್ಮ ತೋಟಕ್ಕೂ ಇದೇ ನಿಯಮ. ಯೂರಿಯಾ, ಗೊಬ್ಬರದ ಗುಂಡಿ, ಶೌಚಾಲಯದಿಂದ ಬರುವ ನೈಟ್ರೇಟ್ ಯಾವುದಕ್ಕೂ ಅಂಟುವುದಿಲ್ಲ, ನೀರಿನಷ್ಟೇ ವೇಗವಾಗಿ ಬರುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರ ಮೇಲಿನ ಮಣ್ಣಿಗೇ ಅಂಟಿಕೊಂಡು ಉಳಿಯುತ್ತದೆ. ಅದು ಬಾವಿಗೆ ಬಂತು ಅಂತ ಹೆದರುವುದಕ್ಕಿಂತ, ಬಾವಿಕಟ್ಟೆಯ ಮೇಲೆ ಆ ದ್ರಾವಣದ ಮೈಲುತುತ್ತ ಕಲಸುವುದನ್ನು ಬಿಟ್ಟರೆ ಸಾಕು. ಅಡಿಕೆ ಬೇಯಿಸಿದ ಚೊಗರು, ಸಿಪ್ಪೆ ರಾಶಿಯ ಕಪ್ಪು ನೀರು ಬಾವಿಯ ಮೇಲಿನ ಕಡೆ ಇಂಗದಂತೆ ನೋಡಿಕೊಳ್ಳಿ.

ಪರೀಕ್ಷೆ ವಿಷಯಕ್ಕೆ ಬರೋಣ. ಮೊದಲು ಒಂದು ಸಿಟ್ಟು ಹೇಳಿಬಿಡುತ್ತೇನೆ. ಮನೆಗೆ ಬಂದು ಟಿಡಿಎಸ್ ಪೆನ್ ಅದ್ದಿ ನೀರಿನ ಶುದ್ಧಿ ಹೇಳುವವರನ್ನು ನಂಬಬೇಡಿ. ನಮ್ಮ ಬಾವಿಯಲ್ಲಿ ಇ-ಕೋಲಿ ಇದ್ದ ದಿನವೂ ಪೆನ್ 60ರ ಆಸುಪಾಸು ತೋರಿಸುತ್ತಿತ್ತು. ಭಾರತೀಯ ಮಾನಕದ ಪ್ರಕಾರ 500ರ ತನಕ ಒಳ್ಳೆಯ ನೀರು. ಪೆನ್‌ಗೆ ಲವಣ ಕಾಣುತ್ತದೆ, ಕ್ರಿಮಿ ಕಾಣುವುದಿಲ್ಲ.

ಕ್ರಿಮಿಗೆ ಎಚ್‌2ಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ ಇದೆ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು ರೂಪಿಸಿದ ಪರೀಕ್ಷೆ ಇದು. ಬಾಟಲಿಗೆ ಗುರುತಿನ ತನಕ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಿ. ಕಪ್ಪಾದರೆ ಮಲದ ಕೊಳೆ ಸೇರಿರುವ ಸಾಧ್ಯತೆ ಜಾಸ್ತಿ. ಚಳಿಗಾಲದಲ್ಲಿ ನಮ್ಮ ಮನೆಗಳು ತಣ್ಣಗಿರುತ್ತವೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಬಚ್ಚಲ ಒಲೆಯ ಹತ್ತಿರ, ಹಂಡೆಗೆ ತಾಗದಂತೆ ಇಟ್ಟರೆ ಸರಿ. ಮುಗಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ ಹೂತುಬಿಡಿ, ಮಕ್ಕಳ ಕೈಗೆ ಸಿಗಬಾರದು.

ಬಾಟಲಿ ಕಪ್ಪಾದರೆ ಪ್ರಯೋಗಾಲಯಕ್ಕೆ ಕೊಡಿ. ಜಲಜೀವನ್ ಮಿಷನ್ ಬಂದ ಮೇಲೆ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳು ಜನಸಾಮಾನ್ಯರ ನೀರನ್ನೂ ಸಣ್ಣ ಶುಲ್ಕಕ್ಕೆ ಪರೀಕ್ಷಿಸುತ್ತವೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಅಲ್ಲಿ ಕಿಟ್ ಕೂಡ ಇರುತ್ತದೆ. ಕ್ರಿಮಿ ಪರೀಕ್ಷೆಗೆ ಅವರೇ ಕೊಟ್ಟ ಬಾಟಲಿ ಬಳಸಿ, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ, ಸಾಧ್ಯವಾದರೆ ನೀರು ತೆಗೆದ ಆರು ತಾಸಿನೊಳಗೆ ತಲುಪಿಸಿ. ನೀರು ತೆಗೆಯುವ ಸರಿಯಾದ ಕಾಲ ಮುಂಗಾರು ಹಿಡಿದ ಮೊದಲ ವಾರಗಳು. ಬೇಸಿಗೆಯೆಲ್ಲಾ ಮೇಲೆ ಕೂತಿದ್ದ ಕೊಳೆ ಆಗ ಒಮ್ಮೆಲೇ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಪಾಸಾದ ಬಾವಿ ಜುಲೈಯಲ್ಲಿ ಫೇಲಾಗಬಹುದು.

ವರದಿಯಲ್ಲಿ ಮೂರು ಸಾಲು ಮೊದಲು ನೋಡಿ. ಇ-ಕೋಲಿ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕೆಲವರು ಅದನ್ನು ಸಾರಜನಕದ ಲೆಕ್ಕದಲ್ಲಿ ಬರೆಯುತ್ತಾರೆ, ಆಗ ಮಿತಿ 10. ಎಳೆ ಮಕ್ಕಳಿರುವ ಮನೆಯಲ್ಲಿ ಇದು ಮುಖ್ಯ, ನೀರು ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ. ಮೂರನೆಯದು ಕ್ಲೋರೈಡ್. 250ರ ಮಿತಿಗೆ ನಾವು ಹತ್ತಿರವೂ ಹೋಗುವುದಿಲ್ಲ, ಆದರೆ ಪಕ್ಕದ ಬಾವಿಗಳಿಗಿಂತ ನಿಮ್ಮದರಲ್ಲಿ ಮೂರು ನಾಲ್ಕು ಪಟ್ಟು ಇದ್ದರೆ ಯೋಚಿಸಿ. ನೈಟ್ರೇಟ್, ಕ್ಲೋರೈಡ್ ಎರಡೂ ಜಾಸ್ತಿ ಇದ್ದರೆ ಶೌಚದ ನೀರು ಅಂತ ಅನುಮಾನ ಪಡಬಹುದು. ಅಡಿಕೆಗೆ ಹಾಕುವ ಪೊಟ್ಯಾಷ್ ಗೊಬ್ಬರದಲ್ಲೂ ಕ್ಲೋರೈಡ್ ಇದೆ, ಅದೊಂದು ತಲೆನೋವು. ಆಗ ಇ-ಕೋಲಿ ಸಾಲೇ ತೀರ್ಪು ಹೇಳಬೇಕು.

ಬಾವಿ ನೀರಿನ ಮೇಲೆ ಎಣ್ಣೆಯಂಥ ಪದರ ಕಂಡರೆ ಕಡ್ಡಿಯಿಂದ ಮುಟ್ಟಿ ನೋಡಿ. ಚೂರು ಚೂರಾಗಿ ಒಡೆದರೆ ಅದು ಕಬ್ಬಿಣದ ಕೆನೆ, ಜಂಬಿಟ್ಟಿಗೆ ನೆಲದಲ್ಲಿ ಮಾಮೂಲು. ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ, ಪಂಪ್‌ಸೆಟ್ ಕಡೆ ಹುಡುಕಿ.

ವಿಶ್ವವಿದ್ಯಾಲಯದವರ ಕೈಯಲ್ಲಿ ಇನ್ನೇನಿದೆ

ಹರಿವು ಮತ್ತು ಕೊಳೆ ಎರಡನ್ನೂ ಒಟ್ಟಿಗೆ ಅಳೆಯುವ ಸಾಧನವನ್ನು ಫ್ಲೋರಿಡಾ ವಿಶ್ವವಿದ್ಯಾಲಯದವರು ರೂಪಿಸಿದ್ದಾರೆ. ಇದ್ದಿಲಿನಂಥ ಹೀರುವ ವಸ್ತುವನ್ನು ಉದ್ದ ಚೀಲಕ್ಕೆ ತುಂಬಿ, ಅದಕ್ಕೆ ಕೆಲವು ಬಗೆಯ ಆಲ್ಕೋಹಾಲ್ ಸೇರಿಸಿ ಕೊಳವೆ ಬಾವಿಗೆ ಇಳಿಸುತ್ತಾರೆ. ಹಾಯುವ ನೀರು ಆಲ್ಕೋಹಾಲನ್ನು ತೊಳೆದುಕೊಂಡು ಹೋಗುತ್ತದೆ, ತನ್ನಲ್ಲಿದ್ದ ಕೊಳೆಯನ್ನು ಇದ್ದಿಲಿಗೆ ಬಿಟ್ಟು ಹೋಗುತ್ತದೆ. ಕೆಲವು ದಿನ ಬಿಟ್ಟು ಮೇಲೆತ್ತಿ, ಯಾವುದು ಎಷ್ಟು ಹೋಯಿತು, ಯಾವುದು ಎಷ್ಟು ಬಂತು ಅಂತ ಆಳಕ್ಕೆ ತಕ್ಕಂತೆ ಓದುತ್ತಾರೆ. ನಮ್ಮ ಉಪ್ಪಿನ ಲೆಕ್ಕದ ಜಾಣ ತಮ್ಮ ಅನ್ನಿ.

ನಮಗೆ ಹತ್ತಿರ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇದೆ. ಅಲ್ಲಿ ಭೂವಿಜ್ಞಾನ, ಪರಿಸರ ವಿಜ್ಞಾನ ಓದುವ ಮಕ್ಕಳಿಗೆ ಪ್ರಾಜೆಕ್ಟ್‌ಗೆ ಬಾವಿ ಬೇಕಾಗುತ್ತದೆ, ಹಳೆಯ ಅಳತೆಗಳೂ ಬೇಕಾಗುತ್ತವೆ. ನಿಮ್ಮ ಹತ್ತಿರ ಎರಡು ವರ್ಷದ ನೋಟ್‌ಬುಕ್ ಇದ್ದರೆ ಒಂದು ಪತ್ರ ಬರೆದು ನೋಡಿ. ಬರೀ "ನಮ್ಮ ನೀರು ಕೆಟ್ಟಿದೆ" ಅಂತ ಹೋಗುವುದಕ್ಕೂ, ತಾರೀಕು ಸಮೇತ ಮಟ್ಟಗಳನ್ನು ಹಿಡಿದು ಹೋಗುವುದಕ್ಕೂ ವ್ಯತ್ಯಾಸ ಇದೆ.

ಕೊನೆಗೆ ನಾವು ಮಾಡಿದ್ದು

ಕೊಟ್ಟಿಗೆ ಪಕ್ಕದ ಗುಂಡಿ ಖಾಲಿ ಮಾಡಿಸಿ ಮಣ್ಣು ತುಂಬಿಸಿದೆವು. ಹೊಸ ಗುಂಡಿ ಬಾವಿಗಿಂತ ಕೆಳಗೆ, ತೋಟದ ಬಾವಿಗೆ ಹೋಗುವ ಹರಿವಿನ ದಾರಿ ಬಿಟ್ಟು ಪಕ್ಕಕ್ಕೆ ಆಯಿತು. ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಿದೆವು, ಮಳೆಗಾಲದ ನೀರಿಗಿಂತ ತಳ ಮೇಲಿರಲಿ ಅಂತ. ಉಪಯೋಗಿಸದ ಒಂದು ಬತ್ತಿದ ಬೋರ್ ಬಾಯಿ ತೆರೆದೇ ಇತ್ತು, ಅದಕ್ಕೂ ಕ್ಯಾಪ್ ಹಾಕಿಸಿದೆವು. ತೆರೆದ ಬೋರ್ ಅಂದರೆ ಕೊಳೆ ನೀರಿಗೆ ಬಂಡೆಯ ತನಕ ಹಾಕಿಕೊಟ್ಟ ಏಣಿ.

ಮೊದಲ ಮಳೆಗಾಲದಲ್ಲೂ ಎಚ್‌2ಎಸ್ ಬಾಟಲಿ ಕಪ್ಪಾಯಿತು. ಹಳೆ ಗುಂಡಿಯ ಸುತ್ತಲ ಮಣ್ಣಿನಲ್ಲಿ ಉಳಿದದ್ದು ಇನ್ನೂ ತೊಳೆದು ಬರುತ್ತಿತ್ತು ಅನ್ನಿಸುತ್ತದೆ. ಎರಡನೇ ವರ್ಷ ಆಗಸ್ಟ್‌ನಲ್ಲಿ ಕಪ್ಪಾಗಲಿಲ್ಲ, ಪ್ರಯೋಗಾಲಯದ ವರದಿಯೂ ಸರಿ ಬಂತು. ಅಮ್ಮ ಮಾತ್ರ ನೀರು ಕುದಿಸುವುದನ್ನು ಇನ್ನೂ ಬಿಟ್ಟಿಲ್ಲ. ದೊಡ್ಡಪ್ಪ ಹಳೆ ಬಾವಿ ಮುಚ್ಚಿಸಬೇಕು ಅಂತಿದ್ದವರು ಈಗ ಅದಕ್ಕೆ ಕಬ್ಬಿಣದ ಜಾಲರಿ ಹಾಕಿಸಿದ್ದಾರೆ. ಟೇಪು ಇಳಿಸಲು ಒಂದು ಮೂಲೆಯಲ್ಲಿ ತೂತು ಬಿಡಿಸಿದ್ದಾರೆ.